ಖಾಲಿ ಬುಟ್ಟಿ ಹಿಡಿದು ಬಂದ ಆರ್ಸೆನಲ್

ಇದು 2025ರ ಫೆಬ್ರವರಿ ಕೊನೆಯಲ್ಲಿ ಬರೆದದ್ದು. ಮೊನ್ನೆ ಶಿವರಾತ್ರಿ. ಅಮ್ಮ, ಅಕ್ಕ ಇಬ್ಬರೂ ಜಾಗರಣೆಗೆ ಅಂತ ನಮ್ಮ ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋಗಿದ್ದರು. ನಾನು ಮನೆಯಲ್ಲೇ ಎಚ್ಚರ ಇದ್ದೆ. ರಾತ್ರಿ 1 ಗಂಟೆಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಜೊತೆ ನನ್ನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಮ್ಯಾಚ್ ಇತ್ತು, ಇಂಗ್ಲೆಂಡಿನ ಪ್ರೀಮಿಯರ್ ಲೀಗಿನದ್ದು. ಪೂರ್ತಿ ನೋಡಿದೆ. 0-0. ಚೆಂಡು ಜಾಸ್ತಿ ಹೊತ್ತು ನಮ್ಮವರ ಕಾಲಲ್ಲೇ ಇತ್ತು, ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ, ಕೊನೆಗೆ ಬಾಕ್ಸ್ ಒಳಗೆ ಬಂದಾಗ ಅದನ್ನು ಗೋಲಿಗೆ ತಳ್ಳಲು ಒಬ್ಬ ಸ್ಟ್ರೈಕರ್ ಇಲ್ಲ. ಅಲ್ಲಿ ಮಿಕೆಲ್ ಮೆರಿನೊ ನಿಂತಿದ್ದ. ಅವನು ಮಿಡ್‌ಫೀಲ್ಡರ್. ಅದೇ ರಾತ್ರಿ ಮೊದಲ ಸ್ಥಾನದಲ್ಲಿರುವ ಲಿವರ್‌ಪೂಲ್ 2-0ಯಿಂದ ನ್ಯೂಕಾಸಲನ್ನು ಸೋಲಿಸಿತು. ಈಗ ಅವರಿಗೂ ನಮಗೂ 13 ಪಾಯಿಂಟ್ ಅಂತರ. ಅವರಿಗಿಂತ ನಮ್ಮದು ಒಂದು ಮ್ಯಾಚ್ ಆಡಲು ಬಾಕಿ ಇದೆ, ಅಷ್ಟೇ.

ಅಮ್ಮ ಬೆಳಿಗ್ಗೆ ಬಂದು ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಚಹಾ ಇಟ್ಟರು.

ಆಟಗಾರರನ್ನು ಕೊಂಡು ಮಾರುವ ಜನವರಿಯ ಟ್ರಾನ್ಸ್‌ಫರ್ ವಿಂಡೋ ಮುಚ್ಚಿದರೂ ನಮ್ಮವರು ಒಬ್ಬ ಸ್ಟ್ರೈಕರ್‌ನನ್ನೂ ತರಲಿಲ್ಲ. ಇದನ್ನು ಫೆಬ್ರವರಿ 4ರಂದೇ ಬರೆಯಬೇಕು ಅಂತ ಇದ್ದೆ. ಆವತ್ತು ಬರೆದಿದ್ದರೆ ಬರೀ ಬೈಗುಳ ಆಗುತ್ತಿತ್ತು. ಈಗ ಮೂರು ವಾರ ಕಳೆದಿದೆ. ಸಿಟ್ಟು ಇಳಿದಿಲ್ಲ, ಆದರೆ ಯಾವುದಕ್ಕೆ ಸಿಟ್ಟು ಅಂತ ಬಿಡಿಸಿ ಹೇಳಲು ಆಗುತ್ತದೆ.

ನಡೆದದ್ದು ಇಷ್ಟು. ಡಿಸೆಂಬರ್ 21ಕ್ಕೆ ಕ್ರಿಸ್ಟಲ್ ಪ್ಯಾಲೇಸ್ ಜೊತೆ ಆಡುವಾಗ ಬುಕಾಯೊ ಸಾಕಾ ತೊಡೆ ಹಿಡಿದುಕೊಂಡು ಹೊರಗೆ ಹೋದ, ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಜನವರಿ 12ಕ್ಕೆ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಆಡುವಾಗ ಗೇಬ್ರಿಯಲ್ ಜೀಸಸ್‌ನ ಮೊಣಕಾಲು ಹೋಯಿತು. ಮೊಣಕಾಲಿನ ಒಳಗಿನ ಕಟ್ಟು, ಎಸಿಎಲ್, ಹೋಯಿತು ಅಂದರೆ ಸೀಸನ್ ಮುಗಿಯಿತು ಅಂತಲೇ ಅರ್ಥ. ಆ ಮ್ಯಾಚ್ ಪೆನಾಲ್ಟಿಯಲ್ಲಿ ಸೋತದ್ದು ಬೇರೆ. ಆಮೇಲೆ ಸ್ಟ್ರೈಕರ್ ಜಾಗದಲ್ಲಿ ಉಳಿದದ್ದು ಕಾಯ್ ಹಾವರ್ಟ್ಸ್ ಒಬ್ಬನೇ. ಟ್ರಾನ್ಸ್‌ಫರ್ ವಿಂಡೋ ಮುಚ್ಚುವುದು ಫೆಬ್ರವರಿ 3ಕ್ಕೆ. ಲೆಕ್ಕ ಹಾಕಿ, 22 ದಿನ ಕೈಯಲ್ಲಿತ್ತು.

ಆ 22 ದಿನ ನಾವು ಹೇಗೆ ಕಳೆದೆವು ಅಂತ ಫುಟ್‌ಬಾಲ್ ನೋಡದವರಿಗೆ ಹೇಳಿದರೆ ಅರ್ಥ ಆಗುವುದು ಕಷ್ಟ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಫೋನ್. ಬಸ್ಸಿನಲ್ಲಿ ಫೋನ್. ಆಟಗಾರರ ಕೊಳ್ಳುವ-ಮಾರುವ ಸುದ್ದಿ ಹಾಕುವ ಪತ್ರಕರ್ತ ಫ್ಯಾಬ್ರಿಜಿಯೊ ರೊಮಾನೊ ಏನಾದರೂ ಹಾಕಿದನಾ, ಯಾವ ಆಟಗಾರ ಯಾವ ವಿಮಾನ ಹತ್ತಿದ, ಯಾರನ್ನು ಮ್ಯಾಚ್ ಟೀಮಿನಿಂದ ಬಿಟ್ಟಿದ್ದಾರೆ, ಇದೇ ಕೆಲಸ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಉಳ್ಳಾಲದಿಂದ ಸುರತ್ಕಲ್‌ವರೆಗಿನ ಹುಡುಗರಿದ್ದಾರೆ, ಮಣಿಪಾಲದಲ್ಲಿ ಓದುವ ನಾಲ್ಕೈದು ಮಂದಿಯೂ ಇದ್ದಾರೆ. ಮಧ್ಯರಾತ್ರಿ ಒಬ್ಬ ಏನಾದರೂ ಹಾಕಿದರೆ ಐದು ನಿಮಿಷದಲ್ಲಿ ಎಲ್ಲರೂ ಎಚ್ಚರ. ಎಲ್ಲರಿಗೂ ಬೆಳಿಗ್ಗೆ ಕೆಲಸ ಇದೆ, ಕಾಲೇಜು ಇದೆ.

ಜನವರಿ ಕೊನೆಯ ವಾರದಲ್ಲಿ ಸುದ್ದಿ ಬಂತು, ಆಸ್ಟನ್ ವಿಲ್ಲಾದ ಒಲಿ ವಾಟ್ಕಿನ್ಸ್‌ಗೆ ಆರ್ಸೆನಲ್ ಬಿಡ್ ಹಾಕಿದೆ ಅಂತ. ಅವನು ಚಿಕ್ಕಂದಿನಿಂದ ಆರ್ಸೆನಲ್ ಅಭಿಮಾನಿ. ಪ್ರೀಮಿಯರ್ ಲೀಗಿನಲ್ಲಿ ಗೋಲ್ ಹೊಡೆದು ತೋರಿಸಿದವನು. ನನಗೆ ಎಷ್ಟು ಖುಷಿ ಆಯಿತು ಅಂದರೆ ಆಫೀಸಿನಲ್ಲಿ ಪಕ್ಕದವನಿಗೆ ಹೇಳಿಬಿಟ್ಟೆ, ಅವನಿಗೆ ವಾಟ್ಕಿನ್ಸ್ ಯಾರು ಅಂತಲೇ ಗೊತ್ತಿಲ್ಲ. ವಿಲ್ಲಾ ಆಗುವುದಿಲ್ಲ ಅಂದಿತು. ಯಾಕೆ ಅನ್ನುವುದಿಲ್ಲ ಹೇಳಿ? ಅದೇ ದಿನಗಳಲ್ಲಿ ಅವರು ತಮ್ಮ ಇನ್ನೊಬ್ಬ ಸ್ಟ್ರೈಕರ್ ಜಾನ್ ಡುರಾನ್‌ನನ್ನು ಸೌದಿಯ ಅಲ್ ನಸ್ರ್‌ಗೆ ಮಾರುತ್ತಿದ್ದರು. ಒಂದೇ ವಾರದಲ್ಲಿ ಇಬ್ಬರನ್ನೂ ಯಾರು ಬಿಟ್ಟುಕೊಡುತ್ತಾರೆ? ಇದೇ ಬಿಡ್ ಜನವರಿ 13ಕ್ಕೆ ಹೋಗಿದ್ದರೆ ಅವರಿಗೂ ಯೋಚನೆ ಮಾಡಲು ಸಮಯ ಇರುತ್ತಿತ್ತು, ನಮಗೂ ಇನ್ನೊಬ್ಬನನ್ನು ಹುಡುಕಲು ಸಮಯ ಇರುತ್ತಿತ್ತು.

ಫೆಬ್ರವರಿ 2, ಭಾನುವಾರ, ಮ್ಯಾಂಚೆಸ್ಟರ್ ಸಿಟಿಯನ್ನು 5-1ಕ್ಕೆ ಸೋಲಿಸಿದೆವು. ಆ ರಾತ್ರಿ ನನಗೆ ಗಟ್ಟಿ ನಂಬಿಕೆ ಬಂತು. ಇಷ್ಟು ಚೆನ್ನಾಗಿ ಆಡುವ ಟೀಮಿಗೆ ಒಬ್ಬ ಸ್ಟ್ರೈಕರ್ ಕೊಟ್ಟರೆ ಸಾಕು, ಆಡಳಿತದವರಿಗೂ ಇದು ಕಾಣದೆ ಇರುತ್ತದಾ, ನಾಳೆ ಏನಾದರೂ ಆಗಿಯೇ ಆಗುತ್ತದೆ ಅಂತ.

ಮರುದಿನ ಕೊನೆಯ ದಿನ. ಇಂಗ್ಲೆಂಡಿನಲ್ಲಿ ರಾತ್ರಿ 11ಕ್ಕೆ ವಿಂಡೋ ಮುಚ್ಚಿದರೆ ನಮಗೆ ಅದು ಬೆಳಗಿನ ಜಾವ 4.30. ತಮ್ಮ ಮತ್ತು ನಾನು ಹಾಲ್‌ನಲ್ಲಿ ಚಾಪೆ ಹಾಕಿ ಕೂತೆವು. 12 ಗಂಟೆ. 2 ಗಂಟೆ. ಸಿಟಿಯವರು ಪೋರ್ಟೊದಿಂದ ನಿಕೊ ಗೊನ್ಸಾಲೆಸ್‌ನನ್ನು ತಂದರು. ಅದಕ್ಕೆ ಮೊದಲೇ ಮರ್ಮೂಷ್, ಖುಸಾನೊವ್, ವಿಟೊರ್ ರೇಯ್ಸ್ ಬಂದಾಗಿತ್ತು. ನಮ್ಮ ಹತ್ತಿರ 5 ಗೋಲ್ ತಿಂದವರು ಈ ನಾಲ್ಕು ಜನರನ್ನು ಕೊಂಡರು, ಹೊಡೆದ ನಾವು ಒಬ್ಬನನ್ನೂ ಕೊಳ್ಳಲಿಲ್ಲ. ತಮ್ಮ 3 ಗಂಟೆಗೆ ಕೂತಲ್ಲೇ ಮಲಗಿದ. ನಾನು 4.30 ಆಗುವವರೆಗೂ ನೋಡಿದೆ, 4.35ಕ್ಕೆ ಇನ್ನೊಮ್ಮೆ ನೋಡಿದೆ, ಕಾಗದಪತ್ರ ತಡವಾಗಿ ಹೋದರೂ ಒಂದೊಂದು ಸಲ ಸ್ವಲ್ಪ ಸಮಯ ಕೊಡುತ್ತಾರೆ ಅಂತ ಒಂದು ಆಸೆ. ಏನೂ ಇಲ್ಲ. ಜನವರಿ 1ರಿಂದ ಫೆಬ್ರವರಿ 3ರವರೆಗೆ ಆರ್ಸೆನಲ್ ತಂದ ಆಟಗಾರರ ಸಂಖ್ಯೆ ಸೊನ್ನೆ.

ಆವತ್ತು ಮಂಗಳವಾರ. ಮಂಗಳವಾರ, ಶುಕ್ರವಾರ ನಾನು ಆಫೀಸಿಗೆ ಮೊದಲು ಮಾವನ ಜೊತೆ ದಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಹೋಗುತ್ತೇನೆ, ಲೆಕ್ಕ ಬರೆಯಲು. ಮಾವ ಹೋಟೆಲ್‌ಗಳಿಗೆ ಮೀನು ಹಾಕುವವರು. ಹಾಗಾಗಿ ನಿದ್ದೆ ಇಲ್ಲದೆ ಸೀದಾ ಬಂದರಿಗೆ. ಕತ್ತಲು ಬಿಟ್ಟಿರಲಿಲ್ಲ. ಬೋಟುಗಳು ಬಂದು ನಿಂತಿದ್ದವು, ಐಸ್ ಪುಡಿ ಮಾಡುವ ಸದ್ದು, ಬುಟ್ಟಿ ಹಿಡಿದ ಹೆಂಗಸರು, ನೆಲವೆಲ್ಲ ನೀರು. ಏಲಂ ಶುರು ಆಗಿತ್ತು.

"ಎಂತ ಮಾರಾಯ, ಕಣ್ಣು ಕೆಂಪಾಗಿದೆ? ನಿದ್ದೆ ಮಾಡ್ಲಿಲ್ವಾ?" ಅಂತ ಮಾವ ಕೇಳಿದರು.

ಹೇಳಿದೆ. ಮಾವನಿಗೆ ಫುಟ್‌ಬಾಲ್ ಗೊತ್ತಿದೆ, ಹುಡುಗನಾಗಿದ್ದಾಗ ನೆಹರೂ ಮೈದಾನದಲ್ಲಿ ಆಡಿದವರು, ಫೆರಿಯಲ್ಲಿ ದಾಟಿ ಬೆಂಗ್ರೆಯ ಮರಳಿನಲ್ಲೂ ಆಡಿದವರು. ಪ್ರೀಮಿಯರ್ ಲೀಗ್ ಅವರು ಅಷ್ಟು ನೋಡುವುದಿಲ್ಲ. ಪೂರ್ತಿ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ಸ್ಟ್ರೈಕರ್ ಕಮ್ಮಿ ಇದ್ದಾರೆ ಅಂತ ಅವರಿಗೆ ಯಾವಾಗ ಗೊತ್ತಾದದ್ದು?"

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಸರಿಯಾದ ಉತ್ತರ ಜನವರಿ 12 ಅಲ್ಲ.

2024ರ ಬೇಸಿಗೆಯಲ್ಲಿ ಲೈಪ್‌ಜಿಗ್‌ನ ಸ್ಟ್ರೈಕರ್ ಬೆಂಜಮಿನ್ ಶೆಸ್ಕೊ ನಮಗೆ ಬರುತ್ತಾನೆ ಅಂತ ತುಂಬ ಸುದ್ದಿ ಇತ್ತು. ಅವನು ಅಲ್ಲೇ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಉಳಿದ. ಸರಿ, ಅದು ಅವನ ಇಷ್ಟ. ಆದರೆ ಆಮೇಲೆ ನಾವು ಎಡ್ಡಿ ಎನ್ಕೆಟಿಯಾನನ್ನು ಕ್ರಿಸ್ಟಲ್ ಪ್ಯಾಲೇಸಿಗೆ ಮಾರಿದೆವು. ಸ್ಮಿತ್ ರೋನನ್ನು ಫುಲ್ಹ್ಯಾಮ್‌ಗೆ ಮಾರಿದೆವು. ರೀಸ್ ನೆಲ್ಸನ್‌ನನ್ನು ಅದೇ ಫುಲ್ಹ್ಯಾಮ್‌ಗೆ ಲೋನ್ ಕೊಟ್ಟೆವು, ಎರವಲು ಕೊಟ್ಟ ಹಾಗೆ. ಮುಂದಿನ ಸಾಲಿನಿಂದ ಮೂವರು ಹೋದರು, ಬಂದದ್ದು ಒಬ್ಬ, ರಹೀಮ್ ಸ್ಟರ್ಲಿಂಗ್, ಅದೂ ಕೊನೆಯ ದಿನ, ಚೆಲ್ಸಿಯಿಂದ ಲೋನ್ ಮೇಲೆ. ಸ್ಟ್ರೈಕರ್ ಬರಲೇ ಇಲ್ಲ. ಜೀಸಸ್‌ನ ಮೊಣಕಾಲು ಮೊದಲೇ ತೊಂದರೆ ಕೊಟ್ಟದ್ದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಅಮ್ಮ ಮೇ ತಿಂಗಳಲ್ಲೇ ಒಣಮೀನು ತಂದು ಡಬ್ಬಿ ತುಂಬಿಸಿ ಇಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ ಅಂತ ಗೊತ್ತು, ಮಳೆಗಾಲದ ಆಟಿ ತಿಂಗಳಲ್ಲಿ ಪೇಟೆಯಲ್ಲಿ ಸಿಗುವ ಸ್ವಲ್ಪ ಮೀನಿಗೆ ಎಷ್ಟು ರೇಟ್ ಇರುತ್ತದೆ ಅಂತಲೂ ಗೊತ್ತು. ಹಾಗಾಗಿ ಮೊದಲೇ ಇಡುತ್ತಾರೆ. ಹಲಸಿನ ಸೊಳೆಯನ್ನೂ ಉಪ್ಪಿಗೆ ಹಾಕಿ ಇಡುತ್ತಾರೆ. ಈ ಊರಿನ ಮನೆಮನೆಯಲ್ಲಿ ಮಾಡುವ ಕೆಲಸ ಇದು. ಫುಟ್‌ಬಾಲಿನಲ್ಲೂ ಡಿಸೆಂಬರ್, ಜನವರಿ ಅಂದರೆ ಮೂರು ದಿನಕ್ಕೊಂದು ಮ್ಯಾಚ್, ಕಾಲು ನೋವು, ತೊಡೆ ನೋವು, ಯಾರಾದರೂ ಬಿದ್ದೇ ಬೀಳುತ್ತಾರೆ. ಆಗಸ್ಟಿನಲ್ಲಿ ಇದ್ದದ್ದನ್ನು ಮಾರಿ ಡಬ್ಬಿ ಖಾಲಿ ಮಾಡಿ ಕೂತರೆ ಜನವರಿಯಲ್ಲಿ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಆಟಗಾರರನ್ನು ಕೊಳ್ಳುವ ಜವಾಬ್ದಾರಿ ಇದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಎಡು ನವೆಂಬರ್ ಮೊದಲ ವಾರದಲ್ಲಿ ಬಿಟ್ಟುಹೋದರು. ವಿಂಡೋ ಮುಚ್ಚುವವರೆಗೂ ಆ ಜಾಗಕ್ಕೆ ಕಾಯಂ ಆಗಿ ಯಾರನ್ನೂ ತಂದಿರಲಿಲ್ಲ, ತಾತ್ಕಾಲಿಕವಾಗಿ ನಡೆಸುತ್ತಿದ್ದರು. ಇಷ್ಟು ದೊಡ್ಡ ಕ್ಲಬ್ಬು, ಲೀಗ್ ಗೆಲ್ಲಬೇಕಾದ ವರ್ಷ.

ಇದೇ ಮೊದಲ ಸಲ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2011ರ ಆಗಸ್ಟಿನಲ್ಲಿ ಫ್ಯಾಬ್ರೆಗಾಸ್ ಬಾರ್ಸಿಲೋನಾಕ್ಕೆ, ನಸ್ರಿ ಸಿಟಿಗೆ ಹೋದರು. ಅವರ ಜಾಗ ಖಾಲಿ ಇಟ್ಟುಕೊಂಡೇ ಆಗಸ್ಟ್ 28ಕ್ಕೆ ಓಲ್ಡ್ ಟ್ರಾಫರ್ಡ್‌ಗೆ ಹೋಗಿ 8-2ಕ್ಕೆ ಸೋತೆವು. ಆ ದಿನ ನನ್ನ ಜೊತೆ ಮ್ಯಾಚ್ ನೋಡಿದ ಯುನೈಟೆಡ್ ಗೆಳೆಯ, ಬಿಜೈಯವನು, ಆರನೇ ಗೋಲ್ ಆದ ಮೇಲೆ ಕೂಗುವುದನ್ನು ಬಿಟ್ಟು ಸುಮ್ಮನೆ ನನ್ನ ಹೆಗಲ ಮೇಲೆ ಕೈ ಇಟ್ಟ. ಅದನ್ನು ನಾನು ಮರೆತಿಲ್ಲ. ಆಮೇಲೆ ಮೂರು ದಿನದಲ್ಲಿ ಓಡಿ ಓಡಿ ಕೊಂಡರು. ಹಾಗೆ ಅವಸರದಲ್ಲಿ ಎವರ್ಟನ್‌ನಿಂದ ತಂದವನೇ ಮಿಕೆಲ್ ಆರ್ಟೆಟಾ, ಇವತ್ತಿನ ನಮ್ಮ ಮ್ಯಾನೇಜರ್. ಅವರ ಮೇಲೆ ನನಗೆ ತುಂಬ ಗೌರವ ಇದೆ. ಅವಸರದಲ್ಲಿ ಕೊಂಡ ಒಬ್ಬ ಒಳ್ಳೆಯವನು ಸಿಕ್ಕಿದ ಅಂತ ಅವಸರವೇ ಒಳ್ಳೆಯದು ಅಂತ ಆಗುವುದಿಲ್ಲವಲ್ಲ. ಮುಂದಿನ ವರ್ಷ ನಮ್ಮ ಸ್ಟ್ರೈಕರ್ ವ್ಯಾನ್ ಪರ್ಸಿ ಯುನೈಟೆಡ್‌ಗೆ ಹೋದ, ಅವರಿಗೆ 20ನೇ ಲೀಗ್ ಗೆದ್ದುಕೊಟ್ಟ. ಅದರ ಬಗ್ಗೆ ಬರೆಯಲು ನನಗೆ ಈಗಲೂ ಆಗುವುದಿಲ್ಲ.

2013ರದ್ದನ್ನು ಮಾತ್ರ ಸ್ವಲ್ಪ ಹೇಳಬೇಕು. ಲಿವರ್‌ಪೂಲ್‌ನ ಲೂಯಿಸ್ ಸುವಾರೆಸ್‌ನ ಒಪ್ಪಂದದಲ್ಲಿ 4 ಕೋಟಿ ಪೌಂಡ್‌ಗಿಂತ ಜಾಸ್ತಿ ಬಿಡ್ ಬಂದರೆ ಅವನನ್ನು ಬಿಡಬೇಕು ಅಂತ ಒಂದು ಷರತ್ತು ಇದೆ ಅಂತ ನಮ್ಮವರು ನಂಬಿದ್ದರು. ಆಗ ಎಷ್ಟು ಬಿಡ್ ಹಾಕಿದರು ಗೊತ್ತಾ? 4 ಕೋಟಿ ಪೌಂಡ್ ಮತ್ತು ಒಂದು ಪೌಂಡ್. ಒಂದು! ಲಿವರ್‌ಪೂಲ್‌ನವರಿಗೆ ಅವಮಾನ ಆಯಿತು, ಮಾರುವುದೇ ಇಲ್ಲ ಅಂದರು. ಆ ವರ್ಷ ಸುವಾರೆಸ್ ಲೀಗಿನಲ್ಲಿ 31 ಗೋಲ್ ಹೊಡೆದ. ನಾವು ತುಂಬ ದಿನ ಮೊದಲ ಸ್ಥಾನದಲ್ಲಿದ್ದು ಕೊನೆಗೆ ನಾಲ್ಕನೆಯವರಾದೆವು.

ಆ ಒಂದು ಪೌಂಡಿನ ಕಥೆ ಮಾವನಿಗೆ ಆಗಲೇ ಹೇಳಿದ್ದೆ. ಏಲಂನಲ್ಲಿ ನಿಂತು ಅಭ್ಯಾಸ ಇರುವವರಿಗೆ ಅದು ತಟ್ಟನೆ ಅರ್ಥ ಆಗುತ್ತದೆ. ಒಳ್ಳೆಯ ಅಂಜಲ್ ಮೀನು ಬಂದಿದೆ, ಎಲ್ಲರ ಕಣ್ಣು ಅದರ ಮೇಲೆ, ಆಗ ಹೋಗಿ ಒಂದು ರೂಪಾಯಿ ಏರಿಸಿ ಕೂಗಿದರೆ ಬೋಟಿನವನು ನಾಳೆಯಿಂದ ನಿಮ್ಮ ಮುಖ ನೋಡುವುದಿಲ್ಲ. ಬೇಕು ಅಂತಿದ್ದರೆ ಬೇಕಾದವರ ಹಾಗೆ ಕೂಗಬೇಕು. ಬೇಡದಿದ್ದರೆ ಬಂಗುಡೆಯ ಬುಟ್ಟಿ ಕಡೆ ಹೋಗಬೇಕು. ಮಾವ ಬೋಟು ದಡಕ್ಕೆ ಬರುವ ಮೊದಲೇ ಫೋನ್ ಮಾಡಿ ಎಂತ ಮೀನು ಉಂಟು, ಎಷ್ಟು ಉಂಟು ಅಂತ ಕೇಳಿಕೊಂಡಿರುತ್ತಾರೆ. 8 ಗಂಟೆಗೆ ಹೋಟೆಲ್ ಬಾಗಿಲಲ್ಲಿ ನಿಂತು, ಇವತ್ತು ರೇಟ್ ಜಾಸ್ತಿ ಇತ್ತು, ಹಾಗೆ ತರಲಿಲ್ಲ ಅಂತ ಹೇಳಲು ಆಗುತ್ತದಾ? ಎರಡು ಸಲ ಹಾಗೆ ಹೇಳಿದರೆ ಮೂರನೇ ಸಲ ಆರ್ಡರ್ ಇರುವುದಿಲ್ಲ. ನಮಗೆ ಮಾತ್ರ ಪ್ರತಿ ಸಲ ಅದೇ ಮಾತು ಹೇಳುತ್ತಾರೆ, ನಾವು ಮುಂದಿನ ಸಲವೂ ಬಾಗಿಲು ತೆರೆದು ಕಾಯುತ್ತೇವೆ.

2015ರ ಬೇಸಿಗೆಯಲ್ಲಿ ಗೋಲ್‌ಕೀಪರ್ ಪೀಟರ್ ಚೆಕ್ ಒಬ್ಬನನ್ನು ಬಿಟ್ಟರೆ ಮುಖ್ಯ ಟೀಮಿಗೆ ಇನ್ನೊಬ್ಬ ಆಟಗಾರನನ್ನು ತರಲಿಲ್ಲ. ದೊಡ್ಡ ಟೀಮುಗಳೆಲ್ಲ ಎಡವಿದ ವರ್ಷ ಅದು, ಲೆಸ್ಟರ್ ಲೀಗ್ ಗೆದ್ದಿತು, ನಾವು 10 ಪಾಯಿಂಟ್ ಹಿಂದೆ ಎರಡನೆಯವರು. ಅಂಥ ವರ್ಷ ಮತ್ತೆ ಬರುತ್ತದಾ? 2017ರ ಕೊನೆಯ ದಿನ ಮೊನಾಕೊದ ತೋಮಾ ಲೆಮಾರ್‌ಗೆ ದೊಡ್ಡ ಬಿಡ್, ಅವನು ಬರಲಿಲ್ಲ. 2022ರ ಜನವರಿಯಲ್ಲಿ ಸ್ಟ್ರೈಕರ್ ವ್ಲಾಹೊವಿಚ್ ಬರುತ್ತಾನೆ ಅಂತ ಕಾದೆವು, ಅವನು ಯುವೆಂಟಸ್‌ಗೆ ಹೋದ, ನಮ್ಮ ಸ್ಟ್ರೈಕರ್ ಒಬಾಮಿಯಾಂಗ್‌ನನ್ನು ಬಿಟ್ಟುಕೊಟ್ಟೆವು, ಅವನ ಜಾಗಕ್ಕೆ ಯಾರೂ ಇಲ್ಲ. ಆ ವರ್ಷ ಟಾಟೆನ್‌ಹ್ಯಾಮ್‌ಗಿಂತ 2 ಪಾಯಿಂಟ್ ಕಮ್ಮಿ ಆಗಿ ಚಾಂಪಿಯನ್ಸ್ ಲೀಗ್ ತಪ್ಪಿತು. 2023ರಲ್ಲಿ ಮುದ್ರಿಕ್‌ನ ಹಿಂದೆ ಹೋದೆವು, ಚೆಲ್ಸಿ ಬಂದು ಎತ್ತಿಕೊಂಡು ಹೋಯಿತು. ಆ ಸಲ ಮಾತ್ರ ಒಳ್ಳೆಯದೇ ಆಯಿತು, ಟ್ರೊಸಾರ್ಡ್ ಸಿಕ್ಕಿದ. ಕಳೆದ ವರ್ಷ 89 ಪಾಯಿಂಟ್ ಮಾಡಿದರೂ ಸಿಟಿಗಿಂತ 2 ಹಿಂದೆ. ಎರಡು ಪಾಯಿಂಟ್ ಅಂದರೆ ಒಂದು ಡ್ರಾ ಗೆಲುವಾದರೆ ಸಿಗುವಷ್ಟು. ಒಬ್ಬ ಸ್ಟ್ರೈಕರ್‌ನ ಒಂದು ಗೋಲು.

ದುಡ್ಡಿನ ವಿಷಯ ಬಂದಾಗ ಕ್ಲಬ್ಬಿನ ಕಡೆಯಿಂದ ಮಾತಾಡುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸಬಾರದು ಅಂತ 2024-25ರಲ್ಲಿ ಲೀಗಿನ ನಿಯಮ ಇತ್ತು, ಅದು ನಿಜ. ಜನವರಿಯಲ್ಲಿ ಎಲ್ಲರೂ ರೇಟ್ ಏರಿಸುತ್ತಾರೆ, ಅದೂ ನಿಜ. ಸಿಕ್ಕಿದವರನ್ನು ತಂದು ಆಮೇಲೆ ಐದು ವರ್ಷ ಸಂಬಳ ಕೊಡುವುದಕ್ಕಿಂತ ಸುಮ್ಮನಿರುವುದೇ ಒಳ್ಳೆಯದು ಅಂತ ಒಬ್ಬ ಮಣಿಪಾಲದ ಹುಡುಗ ಉದ್ದಕ್ಕೆ ಬರೆದಿದ್ದ, ಅವನ ಮಾತಿನಲ್ಲೂ ಹುರುಳಿದೆ. ನಮ್ಮ ಕ್ಲಬ್ ಖರ್ಚೇ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಡೆಕ್ಲನ್ ರೈಸ್‌ಗೆ 10 ಕೋಟಿ ಪೌಂಡ್ ಕೊಟ್ಟರು, ಅವನು ಪ್ರತಿ ಪೈಸೆಗೂ ಆಡಿದ್ದಾನೆ. ಅವನು ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದರು, ಸಿಟಿ ಅಡ್ಡ ಬಂದರೂ ಬಿಡಲಿಲ್ಲ, ತಂದರು. ಹಾಗೆ ಮಾಡಲು ಇವರಿಗೆ ಬರುತ್ತದೆ ಅಂತ ಗೊತ್ತಿರುವುದರಿಂದಲೇ ನನಗೆ ಇಷ್ಟು ಹೊಟ್ಟೆ ಉರಿ. ದುಡ್ಡು ಉಳಿಸಿದ್ದಕ್ಕೆ ನನ್ನ ಸಿಟ್ಟಿಲ್ಲ. ಬೇಕಾದದ್ದು ಏನು ಅಂತ ಗೊತ್ತಿದ್ದೂ ಏಲಂ ಮುಗಿಯುವ ಹೊತ್ತಿಗೆ ದಕ್ಕೆಗೆ ಬಂದದ್ದಕ್ಕೆ ಸಿಟ್ಟು.

ಆಮೇಲೆ ಆದದ್ದೆಲ್ಲ ನಿಮಗೆ ಗೊತ್ತೇ ಇದೆ. ವಿಂಡೋ ಮುಚ್ಚಿದ ಎರಡು ದಿನಕ್ಕೆ ನ್ಯೂಕಾಸಲ್‌ನಲ್ಲಿ 2-0 ಸೋತು ಲೀಗ್ ಕಪ್ ಹೋಯಿತು, ಅದೇ ಮ್ಯಾಚಿನಲ್ಲಿ ಮುಂದೆ ಆಡುವ ಮಾರ್ಟಿನೆಲ್ಲಿಗೂ ಹ್ಯಾಮ್‌ಸ್ಟ್ರಿಂಗ್. ಅದಾದ ಮೇಲೆ ದುಬೈ ಕ್ಯಾಂಪಿನಲ್ಲಿ ಹಾವರ್ಟ್ಸ್‌ನದ್ದು. ಉಳಿದಿದ್ದ ಒಬ್ಬನೂ ಹೋದ. ಲೆಸ್ಟರ್‌ನಲ್ಲಿ ಮೆರಿನೊ ಬದಲಿ ಆಟಗಾರನಾಗಿ ಬಂದು ಎರಡು ಗೋಲ್ ಹೊಡೆದಾಗ ನಾನು ಕುಣಿದದ್ದು ಪಕ್ಕದ ಮನೆಗೂ ಕೇಳಿರಬೇಕು. ಅವನ ಮೇಲೆ ಪ್ರೀತಿ ಬಂದುಬಿಟ್ಟಿದೆ ನನಗೆ. ತನ್ನದಲ್ಲದ ಜಾಗದಲ್ಲಿ ನಿಲ್ಲಿಸಿದರೂ ಒಂದು ಮಾತಾಡದೆ ಓಡುತ್ತಾನೆ. ಮುಂದಿನ ವಾರ ವೆಸ್ಟ್ ಹ್ಯಾಮ್ ನಮ್ಮ ಮೈದಾನಕ್ಕೇ ಬಂದು 1-0 ಗೆದ್ದಿತು. ಆಮೇಲೆ ಈ 0-0.

ಅಕ್ಕನ ಮಗನಿಗೆ ಎಂಟು ವರ್ಷ. ಹಂಪನಕಟ್ಟೆಯಲ್ಲಿ ಅವನಿಗೆ ಆರ್ಸೆನಲ್ ಜೆರ್ಸಿ ತೆಗೆಸಿಕೊಡುತ್ತೇನೆ ಅಂತ ಹೇಳಿದ್ದೆ. ಹಿಂದೆ 9 ನಂಬರ್ ಹಾಕಿಸಬೇಕು ಅಂತ ಅವನದು ಹಠ, ಶಾಲೆಯಲ್ಲಿ ಅವನು ಮುಂದೆ ಆಡುವುದು. "ಮಾಮ, ನಮ್ಮ 9 ನಂಬರ್ ಯಾರು?" ಅಂತ ಕೇಳಿದ. ಜೀಸಸ್, ಆದರೆ ಅವನಿಗೆ ಕಾಲು ನೋವು ಅಂದೆ. "ಹಾಗಾದರೆ ಈಗ ಯಾರು?" ಅಂದ. ನಾನು ಅವನ ವಯಸ್ಸಿಗಿಂತ ಸ್ವಲ್ಪ ದೊಡ್ಡವನಿದ್ದಾಗ, 2003-04ರಲ್ಲಿ, 38 ಮ್ಯಾಚ್ ಒಂದೂ ಸೋಲದೆ ಲೀಗ್ ಗೆದ್ದ ಟೀಮು ನೋಡಿ ಈ ಕ್ಲಬ್ಬನ್ನು ಹಿಡಿದುಕೊಂಡವನು. ಆಗ ಮುಂದೆ ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಸ್ಟ್ರೈಕರ್ ತಿಯರಿ ಆನ್ರಿ ಇದ್ದ. ಆಮೇಲೆ ಈ 2025ರವರೆಗೂ ಲೀಗ್ ಬಂದಿಲ್ಲ. ಈ ಹುಡುಗ ಇನ್ನೂ ಒಂದು ಸಲವೂ ನೋಡಿಲ್ಲ.

ಜೆರ್ಸಿ ಇನ್ನೂ ತೆಗೆದಿಲ್ಲ. ಮಳೆಗಾಲ ಕಳೆಯಲಿ ಅಂತ ಅವನಿಗೆ ಹೇಳಿದ್ದೇನೆ. ಆಗಸ್ಟ್ 1ಕ್ಕೆ ಇಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಅಲ್ಲಿ ಒಬ್ಬ ಸ್ಟ್ರೈಕರ್ ಬಂದು, ಫೋಟೋ ತೆಗೆಸಿಕೊಂಡು, ಟೀಮಿನ ಜೊತೆ ಪ್ರಾಕ್ಟೀಸ್ ಮಾಡುತ್ತಿರಬೇಕು. ವಿಂಡೋ ಮುಚ್ಚುವ ಸೆಪ್ಟೆಂಬರ್ 1ರ ಮಧ್ಯರಾತ್ರಿಗೆ ಅಲ್ಲ. ಆವತ್ತು ಅವನ ಹೆಸರೇ ಹಾಕಿಸಿ ತಂದುಕೊಡುತ್ತೇನೆ.

ಮಂಗಳವಾರ ರಾತ್ರಿ ಐಂಡ್‌ಹೋವನ್‌ನಲ್ಲಿ ಪಿಎಸ್‌ವಿ ಜೊತೆ ಚಾಂಪಿಯನ್ಸ್ ಲೀಗ್ ಮ್ಯಾಚ್ ಇದೆ. ನಮಗೆ ಅದು 1.30ಕ್ಕೆ. ಬೆಳಿಗ್ಗೆ ದಕ್ಕೆ ಇಲ್ಲ, ಹಾಗಾಗಿ ಪೂರ್ತಿ ನೋಡಬಹುದು. ಬರುವವರು ಬನ್ನಿ, ಚಾಪೆ ಹಾಕಿರುತ್ತೇನೆ.